ಸೀರಿಯಲ್ಲಿನ ನಾಗಿಣಿ ನಮ್ಮ ಮನೆಗೆ ಬಂದ ದಾರಿ

ಹೊಸ ಸೊಸೆ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಒಳಗೆ ಬರುತ್ತಾಳೆ. ದೇವರ ಮನೆಯ ದೀಪ ಆರಿಹೋಗುತ್ತದೆ. ಅತ್ತೆಯ ಮುಖವನ್ನು ಮೂರು ಕಡೆಯಿಂದ ಮೂರು ಸಲ ತೋರಿಸುತ್ತಾರೆ, ಮೂರು ಸಲವೂ ಗುಡುಗು. ಮನೆಗೆ ಬಂದ ಸ್ವಾಮೀಜಿ ನಿಂತಲ್ಲೇ ನಿಂತು, ಈ ಮನೆಯಲ್ಲಿ ಮನುಷ್ಯರಲ್ಲದ ಜೀವವೊಂದು ಸೇರಿಕೊಂಡಿದೆ ಅನ್ನುತ್ತಾರೆ. ಎಲ್ಲಿಂದಲೋ ಪುಂಗಿಯ ಸದ್ದು. ಸೊಸೆಯ ತಲೆ ತೂಗತೊಡಗುತ್ತದೆ, ಕಣ್ಣಿನ ಬಣ್ಣ ತಿರುಗುತ್ತದೆ, ಓಡಿಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಗಂಡ ಬಾಗಿಲಿಗೆ ಕೈ ಇಡುತ್ತಾನೆ. ಅಷ್ಟಕ್ಕೆ ಇವತ್ತಿನ ಸಂಚಿಕೆ ಮುಗಿಯಿತು.

ಇದು ಯಾವ ತಾರೀಕಿನ ಸಂಚಿಕೆ ಎಂದು ಕೇಳಬೇಡಿ. ನಾಗಿಣಿ ಸೀರಿಯಲ್‌ಗಳನ್ನು ನೋಡಿದವರೆಲ್ಲ ಸೇರಿ ಒಂದು ಸಂಚಿಕೆ ಹೇಳಿ ಎಂದರೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಜೀ ಕನ್ನಡದಲ್ಲಿ 'ನಾಗಿಣಿ' ಶುರುವಾಗಿದ್ದು 2016ರ ಫೆಬ್ರವರಿಯಲ್ಲಿ. ದೀಪಿಕಾ ದಾಸ್ ಅಮೃತಾ ಎಂಬ ನಾಗಿಣಿಯಾಗಿ, ದೀಕ್ಷಿತ್ ಶೆಟ್ಟಿ ಅರ್ಜುನ್ ಆಗಿ ಬಂದರು. 2020ರಲ್ಲಿ ನಮ್ರತಾ ಗೌಡ ಅವರ 'ನಾಗಿಣಿ 2' ಬಂತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಆ ಹೊತ್ತಿಗೆ ಯಾರ ಮನೆಗಾದರೂ ಹೋದರೆ ಮಾತಾಡಿಸುವವರು ಇರುತ್ತಿರಲಿಲ್ಲ. ಹಾಲಿನ ಡೇರಿಗೆ ಕ್ಯಾನು ಇಟ್ಟು ಬಂದವರು ನೇರ ಟೀವಿ ಮುಂದೆ.

ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ. ನಾಳೆ ಏನಾಗುತ್ತದೆ ಎಂದು ಮನೆಯ ಅಜ್ಜಿಗೆ (ತೆಲುಗು ಮನೆಗಳಲ್ಲಿ ಅವ್ವನಿಗೆ) ಇವತ್ತೇ ಗೊತ್ತಿರುತ್ತಿತ್ತು. ಬಾಗಿಲು ತೆಗೆದಾಗ ಹಾವು ಇರುವುದಿಲ್ಲ, ಸೊಸೆ ಹಾಸಿಗೆ ಮೇಲೆ ಕೂತು ತಲೆ ಬಾಚುತ್ತಿರುತ್ತಾಳೆ ಎಂದು ಹೇಳಿಬಿಡುತ್ತಿದ್ದರು. ಹಾಗೇ ಆಗುತ್ತಿತ್ತು. ಟೀವಿಯವರ ಕತೆ ಅಜ್ಜಿಗೆ ಮೊದಲೇ ಗೊತ್ತಿದ್ದದ್ದು ಹೇಗೆ? ಈ ಸಂಚಿಕೆಯನ್ನು ಬಿಚ್ಚಿ ಒಂದೊಂದು ತುಂಡಿಗೂ ವಯಸ್ಸೆಷ್ಟು ಎಂದು ನೋಡೋಣ ಅನ್ನಿಸಿತು. ಟೊಮೆಟೊ ರೇಟು, ಕೆರೆ ಒತ್ತುವರಿ ಬರೆಯುವ ನಾವು ಸೀರಿಯಲ್ ಬಗ್ಗೆ ಯಾಕೆ ಬರೆಯುತ್ತೇವೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ರೂಪ ಬದಲಿಸುವ ಹಾವು. ಇದು ಸಿನಿಮಾದವರ ಕಲ್ಪನೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಮಹಾಭಾರತ ಶುರುವಾಗುವುದೇ ಅಂಥ ಹಾವಿನಿಂದ. ಪರೀಕ್ಷಿತ ರಾಜನಿಗೆ ಏಳು ದಿನದಲ್ಲಿ ಹಾವು ಕಚ್ಚಿ ಸಾಯುವ ಶಾಪವಿರುತ್ತದೆ. ಕಾವಲಿನ ಮಧ್ಯೆ ಕೂತ ರಾಜನ ಹತ್ತಿರ ಹೋಗಲು ತಕ್ಷಕ ಹಣ್ಣಿನೊಳಗಿನ ಹುಳುವಾಗುತ್ತಾನೆ. ತಂದೆಯ ಸಾವಿಗೆ ಸೇಡು ತೀರಿಸಿಕೊಳ್ಳಲು ಮಗ ಜನಮೇಜಯ ಸರ್ಪಯಾಗ ಮಾಡುತ್ತಾನೆ. ಸೇಡಿನ ಕತೆ ಇಲ್ಲೇ ಇದೆ ನೋಡಿ, ಆದರೆ ದಿಕ್ಕು ತಿರುಗಾಮುರುಗಾ. ಅಲ್ಲಿ ಮನುಷ್ಯ ಹಾವಿನ ಕುಲದ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ, ಸೀರಿಯಲ್‌ನಲ್ಲಿ ಹಾವು ಮನುಷ್ಯರ ಕುಟುಂಬದ ಮೇಲೆ. ಯಾಗ ನಿಲ್ಲಿಸುವವನು ಆಸ್ತೀಕ. ಅವನ ತಾಯಿ ನಾಗರ ಕುಲದವಳು, ತಂದೆ ಋಷಿ. ಎರಡು ಕುಲಕ್ಕೂ ಸೇರಿದ ಮಗು ಬಂದು ಜಗಳ ಬಿಡಿಸುವುದನ್ನು ಎಷ್ಟು ಸೀರಿಯಲ್‌ಗಳಲ್ಲಿ ನೋಡಿದ್ದೀರಿ, ಲೆಕ್ಕ ಹಾಕಿ.

ನಾಗಮಣಿಯದೂ ಇದೇ ಕತೆ. ಅರ್ಜುನನನ್ನು ಗಂಗೆಯಿಂದ ನಾಗಲೋಕಕ್ಕೆ ಎಳೆದುಕೊಂಡು ಹೋಗಿ ಮದುವೆಯಾದವಳು ನಾಗಕನ್ಯೆ ಉಲೂಪಿ. ಮುಂದೆ ಮಗ ಬಭ್ರುವಾಹನನ ಕೈಯಲ್ಲೇ ಅರ್ಜುನ ಸತ್ತು ಬಿದ್ದಾಗ ಅವನನ್ನು ಬದುಕಿಸುವುದು ನಾಗಲೋಕದ ಮಣಿ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಊರಿನ ಗುಡಿಗಳಲ್ಲಿ ಓದಿಸಿ ಅರ್ಥ ಹೇಳಿಸುತ್ತಿದ್ದ ಕಾಲದಲ್ಲಿ ಬಭ್ರುವಾಹನನ ಕಾಳಗ ಜನರಿಗೆ ಬಾಯಿಪಾಠ. 1977ರಲ್ಲಿ ರಾಜ್‌ಕುಮಾರ್ ಅವರ 'ಬಭ್ರುವಾಹನ' ಬಂದ ಮೇಲಂತೂ ಕೇಳುವುದೇ ಬೇಡ. ಜೀ ಕನ್ನಡದ ನಾಗಿಣಿ ಮೆಚ್ಚಿದ ಹುಡುಗನ ಹೆಸರು ಅರ್ಜುನ್ ಆಗಿದ್ದು ಆಕಸ್ಮಿಕವೋ ಬೇಕೆಂದೇ ಇಟ್ಟಿದ್ದೋ, ಅಜ್ಜಿಯಂದಿರಿಗೆ ಮಾತ್ರ ಆ ಜೋಡಿ ಹೊಸದಲ್ಲ.

ಸತ್ತ ನಾಗನ ಕಣ್ಣಿನಲ್ಲಿ ಕೊಂದವನ ಚಿತ್ರ ಉಳಿಯುತ್ತದೆ ಅನ್ನುವುದನ್ನು ಮಾತ್ರ ನಮ್ಮ ಕಾಲದವರ ತಲೆಗೆ ತುಂಬಿದ್ದು ಹಿಂದಿ ಸಿನಿಮಾ. 1976ರ 'ನಾಗಿನ್' ಚಿತ್ರದಲ್ಲಿ ರೀನಾ ರಾಯ್ ಒಬ್ಬೊಬ್ಬರನ್ನೇ ಹುಡುಕಿ ಕೊಲ್ಲುತ್ತಾಳೆ. 1986ರ 'ನಗೀನಾ'ದಲ್ಲಿ ಶ್ರೀದೇವಿ ಸೊಸೆಯಾಗಿ ಮನೆಗೆ ಬಂದಳು. ಕಾಡಿನಲ್ಲಿದ್ದ ಹಾವು ಅಡುಗೆಮನೆಗೆ ಬಂದಿದ್ದು ಆವಾಗಲೇ, ಟೀವಿಗೆ ಬೇಕಾಗಿದ್ದೂ ಅದೇ. ಕಾಡಿನಲ್ಲಿ ದಿನಾ ಶೂಟಿಂಗ್ ಮಾಡಲಾಗುವುದಿಲ್ಲ, ಅಡುಗೆಮನೆಯಲ್ಲಿ ಮಾಡಬಹುದು. (ನಮ್ಮ ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಸಿನಿಮಾದಲ್ಲಿ ಹಾವಿನ ಕತೆಯೇ ಇಲ್ಲ, ಇರುವುದು ಸಿಟ್ಟಿನ ಹುಡುಗ. ಹಾವೆಂದರೆ ದ್ವೇಷ ಎಂದು ಅರ್ಥ ಮಾಡಿಕೊಳ್ಳಲು ಕನ್ನಡದವರಿಗೆ ಅಷ್ಟು ಸಾಕಿತ್ತು.)

ಆದರೆ ನಮ್ಮ ಸೀಮೆಯ ಹಾವು ದ್ವೇಷದ ಹಾವಾಗಿರಲಿಲ್ಲ. ಯಾವ ಊರಿಗೆ ಬೇಕಾದರೂ ಹೋಗಿ, ಅರಳಿಕಟ್ಟೆಯ ಮೇಲೆ ನಾಗರಕಲ್ಲುಗಳ ಸಾಲು ಇರುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಎರಡು ಹಾವು, ಒಂದೇ ಹೆಡೆಯ ಹಾವು, ಸೊಂಟದವರೆಗೆ ಹೆಣ್ಣು ಕೆಳಗೆ ಹಾವು. ಈ ಕೊನೆಯ ಕಲ್ಲನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಗ್ರಾಫಿಕ್ಸ್‌ನವರು ಕಂಪ್ಯೂಟರಿನಲ್ಲಿ ಮಾಡಿದ ಅರ್ಧ ಹೆಣ್ಣು ಅರ್ಧ ಹಾವನ್ನು ನಮ್ಮ ಕಲ್ಲುಕುಟಿಗರು ಯಾವತ್ತೋ ಮಾಡಿಟ್ಟಿದ್ದಾರೆ. ಈ ಕಲ್ಲುಗಳನ್ನು ನಿಲ್ಲಿಸಿದವರಲ್ಲಿ ಹೆಚ್ಚಿನವರು ಮಕ್ಕಳಿಗಾಗಿ ಹರಕೆ ಹೊತ್ತ ಹೆಂಗಸರು. ಕಲ್ಲು ಕೆತ್ತಿಸಿ, ನೀರಿನಲ್ಲಿ ಇಟ್ಟು, ಆಮೇಲೆ ಅರಳಿ ಬೇವು ಕೂಡಿದ ಕಟ್ಟೆಯಲ್ಲಿ ಪ್ರತಿಷ್ಠೆ ಮಾಡಿಸುವುದು ಪದ್ಧತಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ, 2007ರವರೆಗೆ ನಮ್ಮ ಕೋಲಾರ ಜಿಲ್ಲೆಯೇ ಆಗಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಂಥ ಕಲ್ಲುಗಳು ಸಾವಿರಗಟ್ಟಲೆ ಇವೆ. 1938ರ ಏಪ್ರಿಲ್ 25ರಂದು ಅದೇ ಜಾಗದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಮಕ್ಕಳು ಬೇಕೆಂದು ಬೇಡುವ ಜಾಗ ಸ್ವಾತಂತ್ರ್ಯ ಬೇಕೆಂದು ಸೇರುವ ಜಾಗವೂ ಆಗಿತ್ತು, ಯಾಕೆಂದರೆ ಅಲ್ಲಿ ಎಲ್ಲ ಜಾತಿಯವರೂ ಬರುತ್ತಿದ್ದರು.

ಹಾವಿನಂತೆ ಚೇಳೂ ನಮ್ಮಲ್ಲಿ ದೇವರ ಕಡೆಯದು. ಕೋಲಾರಮ್ಮನ ಗುಡಿಯ ಆವರಣದಲ್ಲಿ ಚೇಳಮ್ಮ ಇದ್ದಾಳೆ, ನೆಲದಲ್ಲೇ ತೋಡಿದ ಹುಂಡಿ ಇದೆ. ಅವಳಿಗೆ ಕಾಣಿಕೆ ಹಾಕಿದವರಿಗೆ ಚೇಳು ಕುಟುಕುವುದಿಲ್ಲ ಎಂದು ನಂಬಿಕೆ. ಕಲ್ಲುಬಂಡೆಗಳ ಈ ನಾಡಿನಲ್ಲಿ ಬರಿಗಾಲಲ್ಲಿ ಓಡಾಡಿದವರು ಚೇಳಿನ ಜೊತೆ ಒಪ್ಪಂದ ಮಾಡಿಕೊಳ್ಳದೆ ಬದುಕಲು ಆಗುತ್ತಿತ್ತೇ? ಕುಟುಕಬೇಡ, ನಿನಗೆ ಮರ್ಯಾದೆ ಕೊಡುತ್ತೇವೆ. ಇದು ನೆರೆಹೊರೆಯವರ ನಡುವಿನ ಮಾತು. ಸೀರಿಯಲ್ ಬಂದ ಮೇಲೆ ಈ ನೆರೆಯವನು ವಿಲನ್ ಆದ.

ಈಗ ಸೊಸೆಯ ವಿಷಯಕ್ಕೆ ಬರೋಣ, ಅಸಲು ಕತೆ ಇರುವುದು ಇಲ್ಲಿ.

ನಾಗಿಣಿಯ ಯಾವ ಸಂಚಿಕೆಯನ್ನಾದರೂ ಹಾವು ತೆಗೆದು ನೋಡಿ. ಏನು ಉಳಿಯುತ್ತದೆ? ಹೊಸದಾಗಿ ಬಂದ ಹೆಣ್ಣುಮಗಳ ಮೇಲೆ ಇಡೀ ಮನೆಗೆ ಅನುಮಾನ. ಅವಳು ಎಲ್ಲಿಗೆ ಹೋದಳು, ರಾತ್ರಿ ಯಾಕೆ ಎದ್ದಳು, ಬಾಗಿಲು ಯಾಕೆ ಹಾಕಿಕೊಂಡಳು. ಅವಳಿಗೆ ಪರೀಕ್ಷೆ ಮೇಲೆ ಪರೀಕ್ಷೆ. ಪ್ರತಿ ಪರೀಕ್ಷೆಯಲ್ಲೂ ಅವಳ ಪರವಾಗಿ ಸಾಕ್ಷಿ ಹೇಳುವ ಮನುಷ್ಯರು ಇಲ್ಲ, ಕೊನೆಗೆ ಅವಳ ಕೈ ಹಿಡಿಯುವುದು ದೇವರೋ ಹಾವೋ.

ಮುಳಬಾಗಿಲು ತಾಲ್ಲೂಕಿನ ಆವಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಬಿಟ್ಟ ಸೀತೆ ಬಂದು ಇದ್ದದ್ದು ಆವಣಿ ಬೆಟ್ಟದಲ್ಲಿ, ಲವ ಕುಶರು ಹುಟ್ಟಿದ್ದು ಅಲ್ಲಿ, ವಾಲ್ಮೀಕಿಯ ಆಶ್ರಮ ಇದ್ದದ್ದೂ ಅಲ್ಲೇ ಎಂದು ಸ್ಥಳದ ಕತೆ. ಕೆಳಗೆ ನೊಳಂಬರ ಕಾಲದ ಗುಡಿಗಳಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿವೆ. ಮಕ್ಕಳ ಮೇಲೆ ಯುದ್ಧ ಮಾಡಿದ ಪಾಪಕ್ಕೆ ಅಪ್ಪ ಚಿಕ್ಕಪ್ಪಂದಿರು ಪ್ರಾಯಶ್ಚಿತ್ತ ಮಾಡಿಕೊಂಡ ಲಿಂಗಗಳಂತೆ. ಮೇಲೆ ಬೆಟ್ಟದಲ್ಲಿ ಸೀತೆಯ ಗುಡಿ. ನೋಡಿ, ಗಂಡಸರೆಲ್ಲ ಕೆಳಗೆ ತಪ್ಪುಕಾಣಿಕೆ ಕಟ್ಟಿಕೊಂಡು ನಿಂತಿದ್ದಾರೆ, ಅವಳು ಮೇಲಿದ್ದಾಳೆ. ಹತ್ತನೇ ಶತಮಾನದಲ್ಲಿ ಗುಡಿ ಕಟ್ಟಿಸಿದವರು ಹೀಗೆ ಯೋಚಿಸಿ ಕಟ್ಟಿಸಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಬೆಟ್ಟ ಹತ್ತಿ ಹೋಗುವ ಹೆಂಗಸರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಇದೇ ಸೊಸೆ ರಾಣಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳನ್ನು ಸೇರಿಸಿ ಕಾರ್ನಾಡರು ಆ ನಾಟಕ ಬರೆದರು, 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಗಂಡ ಅಪ್ಪಣ್ಣ ಅವಳನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗಪ್ಪ ಗಂಡನ ರೂಪದಲ್ಲಿ ಬಂದು ಪ್ರೀತಿಯಿಂದ ಮಾತಾಡಿಸುತ್ತಾನೆ. ಬಸುರಾದಾಗ ಗಂಡ ಪಂಚಾಯಿತಿ ಸೇರಿಸುತ್ತಾನೆ. ಹುತ್ತಕ್ಕೆ ಕೈ ಹಾಕಿ ಹಾವು ಹಿಡಿದು, ಗಂಡನನ್ನು ಮತ್ತು ಈ ಹಾವನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ಹೇಳಿದ್ದು ಪೂರಾ ಸತ್ಯ! ಹಾವು ಅವಳನ್ನು ಕಚ್ಚದೆ ತಲೆಯ ಮೇಲೆ ಹೆಡೆ ಬಿಚ್ಚಿ ನಿಲ್ಲುತ್ತದೆ. ಬೆಳಿಗ್ಗೆ ಹಾದರಗಿತ್ತಿ ಎಂದು ಬೈದ ಊರು ಸಂಜೆ ಅವಳನ್ನು ದೇವತೆ ಎಂದು ಕಾಲಿಗೆ ಬೀಳುತ್ತದೆ.

ಆ ಕತೆಯಲ್ಲಿ ಸೊಸೆ ಮನುಷ್ಯಳು, ಹಾವು ಅವಳ ಸ್ನೇಹಿತ. ಸೀರಿಯಲ್‌ನಲ್ಲಿ ಸೊಸೆಯೇ ಹಾವು. ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ, ನಮಗೆ ಹಾಗೆ ಅನ್ನಿಸುವುದಿಲ್ಲ. ರಾಣಿಯ ಮೇಲಿನ ಅನುಮಾನ ತಪ್ಪು ಎಂದು ಕತೆ ಹೇಳುತ್ತದೆ. ಅಮೃತಾಳ ಮೇಲಿನ ಅತ್ತೆಯ ಅನುಮಾನ ಸರಿಯಾಗಿಯೇ ಇದೆ, ಆಕೆ ನಿಜವಾಗಿಯೂ ಏನೋ ಮುಚ್ಚಿಡುತ್ತಿದ್ದಾಳೆ. ಎಷ್ಟೇ ಒಳ್ಳೆಯವಳಾದರೂ ಬಂದ ಸೊಸೆಯನ್ನು ಕಣ್ಣಿಟ್ಟು ಕಾಯಬೇಕು ಅನ್ನುವ ಮಾತನ್ನು ವಾರಕ್ಕೆ ಐದು ದಿನ ಕೇಳಿಸಿದಂತಾಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಬೀಗ ಹಾಕಿಸಿಕೊಂಡು ಕೂತಿದ್ದ ಸೊಸೆಯ ಕೈಗೆ ಸೀರಿಯಲ್ ವಿಷದ ಹಲ್ಲು ಕೊಟ್ಟಿದೆ, ಅವಳನ್ನು ಹೆದರಿಸಲು ಬಂದವರೇ ಹೆದರುತ್ತಾರೆ. ನಮ್ಮ ಗುಂಪಿನಲ್ಲಿ ಈ ವಿಷಯಕ್ಕೆ ಜಗಳವೇ ಆಯಿತು. ಹೆಣ್ಣುಮಕ್ಕಳು ಎರಡನೆಯದೇ ಸರಿ ಅಂದರು, ತಾಯಂದಿರು ನೋಡುವುದೂ ಅದಕ್ಕೇ ಅಂದರು. ಇರಬಹುದು.

ಸ್ವಾಮೀಜಿಯ ಪಾತ್ರಕ್ಕೆ ಉತ್ತರ ಕೊಟ್ಟವರು ಮಾಲೂರಿನವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದು 1891ರಲ್ಲಿ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. 1910ರ ಹೊತ್ತಿಗೆ ಅವರು ಬರೆದ 'ರಂಗನ ಮದುವೆ' ಕತೆ ಶಾಲೆಯಲ್ಲಿ ಓದಿದವರಿಗೆ ನೆನಪಿರಬೇಕು. ಬೆಂಗಳೂರಿನಲ್ಲಿ ಓದಿ ಬಂದ ರಂಗನಿಗೆ ಮದುವೆ ಬೇಡ. ಕತೆ ಹೇಳುವವನು ರತ್ನ ಎಂಬ ಹುಡುಗಿಯ ಹಾಡು ಅವನ ಕಿವಿಗೆ ಬೀಳುವಂತೆ ಮಾಡುತ್ತಾನೆ, ಆಮೇಲೆ ರಂಗನನ್ನು ಶಾಸ್ತ್ರಿಗಳ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಶಾಸ್ತ್ರಿಗಳು ಕವಡೆ ಎಣಿಸಿ, ನಿನ್ನ ಮನಸ್ಸಿನಲ್ಲಿ ಒಂದು ಹೆಣ್ಣಿನ ವಿಷಯ ಇದೆ ಎಂದು ಶುರುಮಾಡಿ ಹೆಸರಿನವರೆಗೂ ಬರುತ್ತಾರೆ. ರಂಗ ಬೆರಗಾಗುತ್ತಾನೆ. ಏನು ಹೇಳಬೇಕೆಂದು ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟಿದ್ದು ಓದುಗರಾದ ನಮಗೆ ಗೊತ್ತಾಗುತ್ತದೆ, ರಂಗನಿಗೆ ಗೊತ್ತಿರುವುದಿಲ್ಲ. ಸೀರಿಯಲ್‌ನ ಸ್ವಾಮೀಜಿ ಹೊಸಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಡುವ ದೃಶ್ಯ ಬಂದಾಗಲೆಲ್ಲ ನಮಗೆ ಈ ಶಾಸ್ತ್ರಿಗಳ ನೆನಪು. ಅಲ್ಲಿ ಸ್ಕ್ರಿಪ್ಟ್ ಬರೆದುಕೊಟ್ಟವನು ಕತೆಯ ಒಳಗೇ ಇದ್ದಾನೆ, ಇಲ್ಲಿ ಹೊರಗಿದ್ದಾನೆ, ಅಷ್ಟೇ ವ್ಯತ್ಯಾಸ. ನೂರು ವರ್ಷದ ಹಿಂದೆ ಮಾಲೂರು ಸೀಮೆಯ ಒಬ್ಬರು ತಮಾಷೆಯಾಗಿ ಬಯಲು ಮಾಡಿದ್ದನ್ನು ಟೀವಿ ಈಗ ಗಂಭೀರವಾಗಿ ತೋರಿಸುತ್ತಿದೆ ಎಂದರೆ ನಾವು ಮುಂದೆ ಬಂದೆವೋ ಹಿಂದೆ ಹೋದೆವೋ ಗೊತ್ತಾಗುವುದಿಲ್ಲ.

ಮುಳಬಾಗಿಲಿನವರು ಈ ಕತೆಯಲ್ಲಿ ತಮ್ಮ ಪಾಲನ್ನು ಕೇಳಬೇಕು. ದಕ್ಷಿಣದ ಅತಿಮಾನುಷ ಸಿನಿಮಾಗಳಲ್ಲಿ ಎರಡು ದೊಡ್ಡ ತಿರುವುಗಳಲ್ಲಿ ನಿಂತವಳು ಅಲ್ಲಿನ ಹೆಣ್ಣುಮಗಳು ಸೌಂದರ್ಯ. 1992ರ 'ಗಂಧರ್ವ'ದಿಂದ ಕನ್ನಡಕ್ಕೆ ಬಂದ ಅವರು ತೆಲುಗಿನಲ್ಲಿ ದೊಡ್ಡ ನಟಿಯಾದರು. 1995ರ ಕೋಡಿ ರಾಮಕೃಷ್ಣ ಅವರ ತೆಲುಗು 'ಅಮ್ಮೋರು' ಚಿತ್ರದಲ್ಲಿ ಅವರು ಗಂಡನ ಕಡೆಯವರ ಕಾಟಕ್ಕೆ ಸಿಕ್ಕ ಸೊಸೆ. ಗ್ರಾಮದೇವತೆ ಮನೆಗೆಲಸದ ಹುಡುಗಿಯಾಗಿ ಬಂದು ಅವಳನ್ನು ಕಾಯುತ್ತಾಳೆ. ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಈ ಸಿನಿಮಾ ನೋಡದ ಮನೆ ಸಿಗುವುದು ಕಷ್ಟ. ಕನ್ನಡಕ್ಕೆ ಡಬ್ ಆಗಲಿ ಎಂದು ಇಲ್ಲಿ ಯಾರೂ ಕಾಯಲಿಲ್ಲ. ಗ್ರಾಫಿಕ್ಸ್ ದೇವರನ್ನು ಜನ ಮೊದಲ ಸಲ ನೋಡಿದ್ದು ಅದರಲ್ಲಿ, ಕೈ ಮುಗಿದು ನೋಡಿದರು. ಅತಿಮಾನುಷ ಸೀರಿಯಲ್‌ಗಳ ಚೌಕಟ್ಟು ಪೂರ್ತಿ ಅಲ್ಲಿದೆ: ಒಳ್ಳೆಯ ಸೊಸೆ, ಸಂಚು ಮಾಡುವ ಸಂಬಂಧಿಕರು, ಕೆಟ್ಟ ಮಂತ್ರವಾದಿ, ಮನೆಯೊಳಗೇ ವೇಷ ಮರೆಸಿಕೊಂಡ ಶಕ್ತಿ.

ಎರಡನೆಯದು 'ಆಪ್ತಮಿತ್ರ'. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡರು. ಆಗಸ್ಟ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಸತ್ತುಹೋದ ನಟಿ ಪರದೆಯ ಮೇಲೆ ಸತ್ತವಳೊಬ್ಬಳನ್ನು ಮೈಮೇಲೆ ಬರಿಸಿಕೊಂಡಿದ್ದನ್ನು ಜನ ನೋಡಿದರು. ಅದನ್ನು ನೋಡಿದವರು ಇವತ್ತಿಗೂ ಆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಪಿ. ವಾಸು ನಿರ್ದೇಶನದ ಈ ಚಿತ್ರ ಫಾಜಿಲ್ ಅವರ 1993ರ ಮಲಯಾಳಂ 'ಮಣಿಚಿತ್ರತಾಳ್' ಚಿತ್ರದ ರೂಪಾಂತರ. ಅಲ್ಲಿ ಬೀಗ ಹಾಕಿದ ಕೋಣೆಯ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ಕನ್ನಡಕ್ಕೆ ಬಂದಾಗ ಅವಳು ತೆಲುಗು ಮಾತಾಡಿದಳು. ಅಂದರೆ ದೆವ್ವ ಯಾವಾಗಲೂ ಪಕ್ಕದ ರಾಜ್ಯದ ಭಾಷೆಯಲ್ಲೇ ಬರುತ್ತದೆ! ಮಲೆಯಾಳಿಗೆ ತಮಿಳು, ಕನ್ನಡಿಗನಿಗೆ ತೆಲುಗು. ಗಂಗಾ ಇದ್ದಕ್ಕಿದ್ದಂತೆ ತೆಲುಗಿಗೆ ಹೊರಳಿದಾಗ ದೂರದ ಊರುಗಳ ಥಿಯೇಟರಿನಲ್ಲಿ ಜನ ಬೆಚ್ಚಿರಬಹುದು. ನಮ್ಮಲ್ಲಿ ಹಾಗಾಗಲು ಹೇಗೆ ಸಾಧ್ಯ? ಅಮ್ಮ ಊಟಕ್ಕೆ ಕರೆಯುವುದು ಆ ಭಾಷೆಯಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡುವುದು ಆ ಭಾಷೆಯಲ್ಲಿ. ಹೊರಗಿನವರ ಭಯ ಹುಟ್ಟಿಸುವ ಸೂತ್ರ ಗಡಿಯ ಊರುಗಳಲ್ಲಿ ಕೆಲಸ ಮಾಡುವುದಿಲ್ಲ. ನಮಗೆ ನಾಗವಲ್ಲಿಯ ಮೇಲೆ ಭಯಕ್ಕಿಂತ ಹೆಚ್ಚಾಗಿ ಮರುಕ ಬಂತು, ಆಡಿದ್ದು ಮುಳಬಾಗಿಲಿನ ಹುಡುಗಿ ಎಂಬುದೂ ಒಂದು ಕಾರಣ.

ಆ ಚಿತ್ರದಲ್ಲಿ ಇನ್ನೊಂದು ವಿಶೇಷ ಇತ್ತು. ಗಂಗಾಳನ್ನು ಬಿಡಿಸುವವನು ಮನೋವೈದ್ಯ. ಆಚಾರ್ಯರು ಇದ್ದಾರೆ, ಪೂಜೆ ನಡೆಯುತ್ತದೆ, ಆದರೆ ಅದೆಲ್ಲ ವೈದ್ಯ ಹೂಡಿದ ಆಟ. ಸೀರಿಯಲ್‌ಗಳು ಆಪ್ತಮಿತ್ರದಿಂದ ಬೀಗದ ಕೋಣೆ ತೆಗೆದುಕೊಂಡವು, ಗೆಜ್ಜೆ ಸದ್ದು ತೆಗೆದುಕೊಂಡವು, ವೈದ್ಯನನ್ನು ಅಲ್ಲೇ ಬಿಟ್ಟುಬಂದವು.

'ಮುಂದುವರಿಯುವುದು' ಅನ್ನುವ ತಂತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಂದಮಾಮ ಓದಿದವರಿಗೆ ಬೇತಾಳ ಗೊತ್ತು. ರಾಜ ಬಾಯಿ ಬಿಟ್ಟ ಕೂಡಲೇ ಹೆಣ ಮತ್ತೆ ಮರಕ್ಕೆ. ಕತೆ ಮುಗಿಯದಿರಲು ಒಂದು ನೆಪ ಬೇಕು, ಟೀವಿಗೆ ಬಾಗಿಲಿನ ಚಿಲಕ ನೆಪ. ಬರೆದಿಡಬೇಕಾದ ಇನ್ನೊಂದು ನೆಪವೂ ಇದೆ. ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಜನ 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದರು. ದೆವ್ವ ಓದಿಕೊಂಡು ಹೋಗುತ್ತದೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತದೆ. 2018ರ ಹಿಂದಿ 'ಸ್ತ್ರೀ' ಸಿನಿಮಾದವರು ಇದನ್ನು ತಮ್ಮ ಊರಿನ ಗೋಡೆಗಳಿಗೆ ಒಯ್ದರು. ಸೀರಿಯಲ್‌ಗೂ ಬಾಗಿಲ ಬರಹಕ್ಕೂ ಇರುವ ಹೋಲಿಕೆ ನೋಡಿ, ಎರಡೂ ಹೇಳುವುದು ನಾಳೆ ಬಾ ಅಂತಲೇ.

ವೀರಗಲ್ಲುಗಳನ್ನು ಬಿಟ್ಟರೆ ತಪ್ಪಾಗುತ್ತದೆ. ದನ ಕದಿಯಲು ಬಂದವರ ಜೊತೆ ಹೊಡೆದಾಡಿ ಸತ್ತವರಿಗೆ ನಮ್ಮ ಜಿಲ್ಲೆಯಲ್ಲಿ ನಿಲ್ಲಿಸಿದ ಕಲ್ಲುಗಳು ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಇನ್ನೂ ಇವೆ. ಮೂರು ಪಟ್ಟಿಕೆಯ ಕಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಜಗಳ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ಓದು ಬಾರದವರೂ ಓದುವ ಕತೆ ಅದು. ಅದರಲ್ಲಿ ಸೇಡು ಇಲ್ಲ. ಕೊಂದವನು ಯಾರು ಎಂದು ಹುಡುಕಿಕೊಂಡು ಎರಡನೇ ಕಲ್ಲು ಹೊರಡುವುದಿಲ್ಲ. ನಮ್ಮ ಹಳೆಯ ಕತೆಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದವು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ. ಹಾಗೆಯೇ ಹುಣ್ಣಿಮೆ. ಸೀರಿಯಲ್‌ನಲ್ಲಿ ಹುಣ್ಣಿಮೆ ಬಂದರೆ ನಾಗಿಣಿಗೆ ಶಕ್ತಿ ಬರುತ್ತದೆ, ಊರು ಬಾಗಿಲು ಹಾಕಿಕೊಳ್ಳುತ್ತದೆ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಅವರು ಗೆಳೆಯರ ಜೊತೆ ಕಟ್ಟಿದ ಆದಿಮದಲ್ಲಿ ಹುಣ್ಣಿಮೆ ಎಂದರೆ ಹಳ್ಳಿಯ ಜನ ಬಾಗಿಲು ತೆಗೆದು ಬೆಟ್ಟ ಹತ್ತಿ ಬಂದು ಹಾಡು, ನಾಟಕ ನೋಡುವ ರಾತ್ರಿ. 'ಹುಣ್ಣಿಮೆ ಹಾಡು' ಅಂತಲೇ ಅದಕ್ಕೆ ಹೆಸರು.

ಇಷ್ಟು ಹಳೆಯ ಸರಕು 2015-16ರಲ್ಲೇ ಟೀವಿಗೆ ಯಾಕೆ ನುಗ್ಗಿತು? ಇದಕ್ಕೆ ಪುರಾಣದಲ್ಲಿ ಉತ್ತರ ಇಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕವೇ ಟಿಆರ್‌ಪಿ, ಜಾಹೀರಾತಿನ ದುಡ್ಡು ಬರುವುದು ಅದರ ಮೇಲೆ. ಮೊದಲು ಆ ಲೆಕ್ಕ ಹಾಕುವ ಪೆಟ್ಟಿಗೆಗಳು ಇದ್ದದ್ದು ಪಟ್ಟಣಗಳಲ್ಲಿ. ಹಳ್ಳಿಯ ಮನೆಗಳಲ್ಲಿ ಟೀವಿ ಇತ್ತು, ಲೆಕ್ಕ ಇರಲಿಲ್ಲ. ಬಾರ್ಕ್ ಎಂಬ ಸಂಸ್ಥೆ ಹಳ್ಳಿಗಳನ್ನೂ ಸೇರಿಸಿ ಅಂಕಿ ಕೊಡಲು ಶುರುಮಾಡಿದ್ದು 2015ರ ಅಕ್ಟೋಬರಿನಲ್ಲಿ. ಹಿಂದಿಯ 'ನಾಗಿನ್' ಸೀರಿಯಲ್ ಶುರುವಾಗಿದ್ದು 2015ರ ನವೆಂಬರ್ 1ಕ್ಕೆ. ಕನ್ನಡದ 'ನಾಗಿಣಿ' ಮೂರು ತಿಂಗಳ ನಂತರ. ಒಂದರಿಂದಲೇ ಇನ್ನೊಂದಾಯಿತು ಎಂದು ನಾವು ಆಣೆ ಮಾಡುವುದಿಲ್ಲ, ಸೀರಿಯಲ್ ತಯಾರಿ ಒಂದು ತಿಂಗಳ ಕೆಲಸವಲ್ಲ. ಆದರೆ ಆ ಸೀರಿಯಲ್‌ಗಳು ನಂಬರ್ ಒಂದಾಗಿ, ಎಲ್ಲ ಭಾಷೆಗಳಲ್ಲೂ ಹಾವುಗಳ ಸಾಲು ಹೊರಟಿದ್ದು ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ. ಹಳ್ಳಿಯವರಿಗೆ ಬೇಕಾಗಿದ್ದು ಇದೇ ಎಂದು ತೀರ್ಮಾನವಾಯಿತು. ನಾವು ಹಾವು ನೋಡಿದ್ದು ನಿಜ. ಬೇರೆ ಏನಾದರೂ ತೋರಿಸಿದ್ದರೆ ನೋಡುತ್ತಿದ್ದೆವಾ ಎಂದು ಯಾರೂ ಕೇಳಲಿಲ್ಲ.

ಇದರಲ್ಲಿ ನಮಗೇನು ನಷ್ಟ, ಕತೆಯನ್ನು ಕತೆಯಾಗಿ ನೋಡಿದರಾಯಿತು ಅನ್ನಬಹುದು. ಹೆಚ್ಚಿನವರು ಹಾಗೇ ನೋಡುತ್ತಾರೆ, ಜನರಿಗೆ ಬುದ್ಧಿಯಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಒಂದು ಕಡೆ ಕತೆ ಮತ್ತು ನೆಲ ಕೂಡುತ್ತವೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ, ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಬಹುತೇಕರು ಹಳ್ಳಿಯವರು, ಹೊಲದಲ್ಲಿ ಕೆಲಸ ಮಾಡುವವರು. ಬೆಳಗಿನ ಜಾವ ಹಸುವಿಗೆ ಹುಲ್ಲು ಕೊಯ್ಯುವಾಗ, ರಾಗಿ ಮೆದೆಗೆ ಕೈ ಹಾಕಿದಾಗ, ಮಾವಿನ ತೋಟದ ತರಗೆಲೆಯಲ್ಲಿ, ಟೊಮೆಟೊಗೆ ರಾತ್ರಿ ನೀರು ಬಿಡುವಾಗ. ಕಚ್ಚುವುದು ಸೇಡಿಗಲ್ಲ. ಹಾವಿಗೆ ಮುಖ ನೆನಪಿಡುವ ಶಕ್ತಿ ಇಲ್ಲ, ಹಾಲು ಅದರ ಆಹಾರವಲ್ಲ, ಪುಂಗಿಯ ರಾಗಕ್ಕೆ ಅದು ತೂಗುವುದಿಲ್ಲ, ಎದುರಿಗೆ ಆಡುವ ಪುಂಗಿಯನ್ನು ಕಣ್ಣಿನಿಂದ ಹಿಂಬಾಲಿಸುತ್ತದೆ. ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಎಂಬ ನಂಬಿಕೆಯಿಂದ, ಕಚ್ಚಿದ ಹಾವನ್ನು ಹುಡುಕಿ ಕೊಲ್ಲಲು ಹೋಗಿ ಹೊತ್ತು ಕಳೆಯುವವರು ಇದ್ದಾರೆ. ಆ ಹೊತ್ತಿನಲ್ಲಿ ವಿಷ ತನ್ನ ಕೆಲಸ ಮಾಡುತ್ತಿರುತ್ತದೆ.

ಮತ್ತೆ ಪರೀಕ್ಷಿತನ ಕತೆಗೆ ಹೋಗಬೇಕು, ಅದರಲ್ಲಿ ಸೀರಿಯಲ್‌ನವರು ಮುಟ್ಟದ ಒಂದು ತುಂಡು ಇದೆ. ತಕ್ಷಕ ಹೋಗುವ ದಾರಿಯಲ್ಲೇ ಕಾಶ್ಯಪ ಎಂಬ ವಿಷವೈದ್ಯನೂ ರಾಜನ ಮನೆಗೆ ಹೊರಟಿರುತ್ತಾನೆ. ತಕ್ಷಕ ಒಂದು ಮರವನ್ನು ಕಚ್ಚಿ ಸುಟ್ಟರೆ ಈ ವೈದ್ಯ ಅದನ್ನು ಮತ್ತೆ ಚಿಗುರಿಸುತ್ತಾನೆ. ಇವನು ಹೋದರೆ ರಾಜ ಬದುಕುತ್ತಾನೆ ಎಂದು ಗೊತ್ತಾಗಿ ತಕ್ಷಕ ಕೇಳಿದಷ್ಟು ದುಡ್ಡು ಕೊಟ್ಟು ಅವನನ್ನು ದಾರಿಯಿಂದಲೇ ವಾಪಸ್ ಕಳಿಸುತ್ತಾನೆ. ಪರೀಕ್ಷಿತ ಸತ್ತದ್ದು ವೈದ್ಯ ಮುಟ್ಟಲಿಲ್ಲವಾದ್ದರಿಂದ. ಹಾವು ಕಚ್ಚಿದವರನ್ನು ಮಂತ್ರ ಹಾಕಿಸಲು, ಬೇರು ಕಟ್ಟಿಸಲು ಕರೆದುಕೊಂಡು ಹೋಗಿ ತಾಸುಗಟ್ಟಲೆ ಕಳೆದು ಆಮೇಲೆ ಆಸ್ಪತ್ರೆಗೆ ತರುವ ಸುದ್ದಿಗಳನ್ನು ಬರೆದು ಬರೆದು ನಮಗೆ ಸಾಕಾಗಿದೆ. ನಮ್ಮಲ್ಲಿ ತಕ್ಷಕ ದುಡ್ಡು ಕೊಡುವ ಕಷ್ಟವೂ ಇಲ್ಲ, ದಾರಿ ತಪ್ಪಿಸುವವರು ಮನೆಯವರೇ.

ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಹಾವಿನ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಔಷಧ ತೆಗೆಯುತ್ತಾರೆ. ವಿಷ ಕೊಡುವವರಲ್ಲಿ ಮುಖ್ಯರು ತಮಿಳುನಾಡಿನ ಇರುಳರು. 1978ರಲ್ಲಿ ಅವರದೇ ಸಹಕಾರ ಸಂಘವಾಯಿತು. ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ಹಾವನ್ನು ನಿಜವಾಗಿ ಬಲ್ಲವರ ಈ ಕತೆಯನ್ನು ಯಾವ ಚಾನೆಲ್ಲೂ ಸೀರಿಯಲ್ ಮಾಡಿಲ್ಲ. ಕಚ್ಚಿದರೆ ಮಾಡಬೇಕಾದ್ದು ಇಷ್ಟೇ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಕಟ್ಟು ಹಾವು ಮಲಗಿದ್ದವರನ್ನು ಕಚ್ಚಿದರೆ ಗಾಯ ಕಾಣದೆಯೂ ಇರಬಹುದು, ನೋವಿಲ್ಲ ಎಂದು ಸುಮ್ಮನಿರಬೇಡಿ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಬಂದ ಪ್ರತಿಯೊಬ್ಬರ ವಿವರ ಬರೆದು ಮೇಲಕ್ಕೆ ಕಳಿಸಬೇಕು. ಯಾವ ಊರಿನಲ್ಲಿ ಎಷ್ಟು ಜನಕ್ಕೆ ಕಚ್ಚಿತು, ಔಷಧ ಎಲ್ಲಿ ಎಷ್ಟು ಇಡಬೇಕು ಎಂಬುದಕ್ಕೆ ಇನ್ನು ಮುಂದೆ ಅಂಕಿ ಸಿಗುತ್ತದೆ. ನಾಗಿಣಿಯನ್ನು ಹಳ್ಳಿಯವರು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ ಶುರುವಾಗಿ ಅಷ್ಟೊತ್ತಿಗೆ ಎಂಟು ವರ್ಷ ದಾಟಿತ್ತು.